ಟೆಸ್ಸಾ ಟ್ರಂಪೆಟ್ ಕಲಿತು ಬಂದಳು

ಇಂಡಿಯಾನಾ,
ಅಕ್ಟೋಬರ್, ಶನಿವಾರ

ಡೈರೆಕ್ಟರ್ ಕೆಸಿಂಜರ್ ಅವರಿಗೆ,

ನಮ್ಮ ಡ್ರಮ್ ಕೋರ್ ವಾದ್ಯತಂಡ ಬರುವ ಬೇಸಿಗೆಯಲ್ಲಿ ಪ್ರವಾಸ ಹೊರಡುವುದಿಲ್ಲ, ಹೊಸಬರು ಬೇಡ ಎಂಬ ನಿಮ್ಮ ಸಂದೇಶ ಬಂದಾಗ ನಾನು ಹೈಸ್ಕೂಲ್ ಬ್ಯಾಂಡ್ ಸ್ಪರ್ಧೆಯ ಮೈದಾನದಲ್ಲಿ ಮೇಜು ಹಾಕಿಕೊಂಡು, ನಮ್ಮ ತಂಡ ಸೇರಬಯಸುವ ಮಕ್ಕಳ ಹೆಸರು ಬರೆದುಕೊಳ್ಳುತ್ತಾ ಕೂತಿದ್ದೆ.

ಹೋದ ವರ್ಷ ಇದೇ ಮೇಜಿಗೆ ಟೆಸ್ಸಾ ಎಂಬ ಹುಡುಗಿ ಕ್ಲಾರಿನೆಟ್ ಹಿಡಿದು ಬಂದಿದ್ದಳು. "ನಮ್ಮಲ್ಲಿ ಹಿತ್ತಾಳೆ ವಾದ್ಯ, ಡ್ರಮ್ಮು ಅಷ್ಟೇ ಕಣಮ್ಮಾ. ಟ್ರಂಪೆಟ್ ಕಲ್ತು ಬಾ, ನೋಡೋಣ" ಎಂದು ನಗುತ್ತಾ ಸಾಗಹಾಕಿದ್ದೆ.

ಇವತ್ತು ನಿಮ್ಮ ಸಂದೇಶ ಓದಿ ಮುಗಿಸುವಷ್ಟರಲ್ಲಿ ಕಲಿತೇ ಬಂದಳು. ಊದಿ ಊದಿ ತುಟಿ ಬಾತುಕೊಂಡಿತ್ತು. ನಿಂತಲ್ಲೇ ನಮ್ಮ ಕೋರ್‌ನ ಹಾಡನ್ನು ಪೂರ್ತಿ ನುಡಿಸಿ, "ಈಗ್ಲಾದ್ರೂ ತಗೋತೀರಾ?" ಎಂದಳು.

ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹೆಸರು ಬರೆದುಕೊಂಡೆ.

ಅವಳ ಫೋನ್ ನಂಬರು ಈ ಹಾಳೆಯ ಹಿಂದಿದೆ. ತಂಡ ಹೊರಡುವುದಿಲ್ಲವೆಂದು ಅವಳಿಗೆ ದಯವಿಟ್ಟು ನೀವೇ ಹೇಳಿ. ಸೋಮವಾರದೊಳಗೆ ಹೇಳಿ, ಅವತ್ತು ಕ್ಲಾರಿನೆಟ್ ಮಾರುತ್ತಾಳಂತೆ.

ಇನ್ನೂ ಮೇಜಿನ ಹಿಂದೆಯೇ ಇರುವ,
ರಾಯ್ಸ್