೨೪೦ರ ಪರದೆ

೨೬ ಜೂನ್ ೨೦೨೫, ಗದಗ

ಬೆಳಿಗ್ಗೆಯಿಂದ, ನಾನು ಮಾಡಿಕೊಟ್ಟ ಈಶಪ್ಪನವರ ಬೀಜದಂಗಡಿ ವೆಬ್‌ಸೈಟಿನ ರಿಪೋರ್ಟು: ಯಾರು ಯಾವ ಫೋನಿನಿಂದ ನೋಡಿದರು ಅಂತ. ಯಾವ ಅಳತೆಯ ಸ್ಕ್ರೀನು ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು... ಅದೊಂದು ತೀರ್ಮಾನವಾದರೆ ಹೊಸ ಡಿಸೈನ್ ಶುರು. ಎಲ್ಲ ದೊಡ್ಡ ಫೋನುಗಳೇ. ತಳದಲ್ಲಿ ಒಂದೇ ಒಂದು ೨೪೦ ಪಿಕ್ಸೆಲ್ ಅಗಲದ್ದು. ಬಟನ್ ಫೋನಿನ ಪುಟ್ಟ ಪರದೆ. ಲಕ್ಷ್ಮೇಶ್ವರದ ಕಡೆಯದು. ಬಂದದ್ದು ನಿನ್ನೆ, ಮಣ್ಣೆತ್ತಿನ ಅಮಾವಾಸ್ಯೆಗೆ. ಹೋದ ತಿಂಗಳೂ ಅಮಾವಾಸ್ಯೆಗೇ. ಅದರ ಹಿಂದೆಯೂ.

ನೋಡುವುದು ಒಂದೇ ಪುಟ— ಅಂಗಡಿಯವರ ಫೋಟೊ ಇರುವ 'ನಮ್ಮವರು'.

ಬಟನ್ ಫೋನಿನಲ್ಲಿ ಸೈಟ್ ನೋಡುತ್ತಿದ್ದವನು ಸೇಲ್ಸ್‌ಮನ್ ಸುಭಾಸ ಒಬ್ಬನೇ. ಲಕ್ಷ್ಮೇಶ್ವರದ ಹತ್ತಿರದ ಅಡರಕಟ್ಟಿಯವನು. "ಅಕ್ಕಾರ, ನನ್ನ ಡಬ್ಬಿ ಫೋನಿನ್ಯಾಗೂ ನನ್ನ ಮಾರಿ ಕಾಣಬೇಕ್ರಿ" ಅಂತ ಕಾಡಿ ಮಾಡಿಸಿಕೊಂಡಿದ್ದ. ಶಿರಹಟ್ಟಿ ರಸ್ತೆಯಲ್ಲಿ ಬೈಕ್ ಬಿದ್ದು ತೀರಿಕೊಂಡು ವರ್ಷವಾಯಿತು.

೩೦ ಜೂನ್

"ಒಬ್ಬರ ಸಲುವಾಗಿ ಆ ಸಣ್ಣ ಸ್ಕ್ರೀನ್ ಯಾಕ್ರಿ ವನಿತಾ, ತಗದ ಬಿಡ್ರಿ" ಅಂದರು ಈಶಪ್ಪನವರು. ತೆಗೆದೆ. ಇನ್ನು ಚಿಕ್ಕ ಪರದೆಗೆ ಹೆಸರಷ್ಟೇ, ಫೋಟೊ ಇಲ್ಲ. ಖರೆ ಅಂದರೆ, ಹೆದರಿಯೇ ತೆಗೆದೆ.

೨೫ ಜುಲೈ

ಸೈಟಿನ ಕೆಳಗೆ ನನ್ನ ನಂಬರಿದೆ. ಅದಕ್ಕೊಂದು ಫೋನ್. ಸುಭಾಸನ ಹೆಸರು ಬಂತು ಸ್ಕ್ರೀನಿನ ಮೇಲೆ. ಎತ್ತಿದೆ.

"ಯವ್ವಾ, ನಾ ಸುಭಾಸನ ಅವ್ವ, ಮುತ್ತವ್ವ. ನಿನ್ನೆ ಅಮಾಸಿಗೆ ಎಡಿ ಹಿಡದೆ. ನನ್ನ ಮಗಾ ಮಾರಿ ತೋರಸಲಿಲ್ಲ."

ಪ್ರತಿ ಅಮಾವಾಸ್ಯೆಗೆ ಅವನ ಫೋನಿನಲ್ಲಿ ಆ ಪುಟ ತೆರೆದು, ಗೋಡೆಗೆ ಒರಗಿಸಿ, ಅದರ ಮುಂದೆ ಅವನ ಎಲೆ ಬಡಿಸುತ್ತಾಳೆ. ಯಾವ ಬಟನ್ ಒತ್ತಬೇಕೆಂದು ಅವನೇ ಕಲಿಸಿದ್ದನಂತೆ. ಮನೆಯಲ್ಲಿ ಬೇರೆ ಫೋಟೊ ಇಲ್ಲವೇ ಅಂದೆ.

"ಅದಾವ. ಅದ್ರಾಗ ಅಂವಾ ನಗಂಗಿಲ್ಲ." ಆಮೇಲೆ ಅವಳೇ ಕೇಳಿದಳು. "ಸಿಟ್ಟ ಆಗ್ಯಾನೇನಬೇ? ಕಡಬ ಮಾಡಿದ್ದೆ... ಹೋಳಿಗಿ ಬೇಕಿತ್ತೇನ ಅಂವಗ?"

ಏನೋ ಬಡಬಡಿಸಿ ಫೋನ್ ಇಟ್ಟೆ. ಅತ್ತುಬಿಟ್ಟೆ.

೨೬ ಜುಲೈ

೨೪೦ ಮರಳಿ ಹಾಕಿದೆ. ಈಶಪ್ಪನವರದು ಈಗ ಬೇರೆ ರಾಗ. "ಸತ್ತಾಂವನ ಫೋಟೋ ಅಂಗಡಿಗಿ ಛಲೋ ಅಲ್ರಿ. ದಸರಾದೊಳಗ ತಗೀರಿ." ಫೋಟೊ ಅಲ್ಲೇ ಬಿಟ್ಟೆ.

೨೧ ಸೆಪ್ಟೆಂಬರ್, ಮಧ್ಯಾಹ್ನ

ಮಹಾಲಯ ಅಮಾವಾಸ್ಯೆ. ಸೈಟಿನಲ್ಲಿ ಈಗ ಯಾರಿದ್ದಾರೆ ಅಂತ ತೋರಿಸುವ ಪುಟ ತೆರೆದು ಕೂತಿದ್ದೇನೆ. ಸಾರು ಉಕ್ಕಿ ಒಲೆ ಆರಿದ್ದೂ ಗೊತ್ತಾಗಲಿಲ್ಲ.

ಬಂತು. ಲಕ್ಷ್ಮೇಶ್ವರ. ೨೪೦. 'ನಮ್ಮವರು'.

ಮುತ್ತವ್ವನೇ ಅಂತ ಗೊತ್ತು. ಆದರೂ ಎದ್ದು ನಿಂತೆ.

ಇನ್ನೂ ಅಲ್ಲೇ ಇದೆ. ಇಷ್ಟು ಹೊತ್ತು ಯಾರೂ ಒಂದು ಪುಟ ನೋಡುವುದಿಲ್ಲ.

ಈಶಪ್ಪನವರ ಫೋನ್. "ಆ ಫೋಟೋ ತಗದ್ರೇನ್ರಿ? ಈಗ ತಗದ ಬಿಡ್ರಿ."

"ಸ್ವಲ್ಪ ತಡೀರಿ ಸಾವಕಾರ್ರ. ಸುಭಾಸ ಊಟಕ್ಕ ಕುಂತಾನ" ಅಂದೆ.

ಫೋನ್ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಬರೆಯುತ್ತಿದ್ದೇನೆ, ಅವರು ಇನ್ನೂ ಲೈನಿನಲ್ಲೇ ಇದ್ದಾರೆ. ೨೪೦ರ ಪರದೆ ಇನ್ನೂ ಅಲ್ಲೇ ಇದೆ.