ಮಡಚಿದ ಚಾಪೆಗೆ ಗೈರುಹಾಜರಿ

ಕ್ರೀಡಾ ಕೇಂದ್ರದ ನಿರ್ದೇಶಕರೇ,

ನಿಮ್ಮ ಯೋಗ ಕೊಠಡಿಗೆ ತೀರಿಹೋದ ನನ್ನ ಗಂಡನ ಹೆಸರಿಡುವುದು ಬೇಡ. ನಿನ್ನೆ ನಿಮ್ಮ ಕಚೇರಿಯವರು ಮನೆಗೆ ಬಂದಾಗ ಹೂಂ ಎಂದೆ, ನಿಜ. ಹಿತ್ತಾಳೆ ಅಕ್ಷರಗಳಲ್ಲಿ ಹೆಸರು ಬರುತ್ತದೆ ಎಂದರು. ದುಃಖದಲ್ಲಿರುವವಳಿಗೆ ಅಷ್ಟು ಸಾಕಾಯಿತು. ಆಗಿನಿಂದ ಅವರ ಫೋಟೋದ ಮುಂದೆ ತಲೆ ತಗ್ಗಿಸಿಕೊಂಡೇ ಓಡಾಡುತ್ತಿದ್ದೇನೆ.

ಯೋಗವನ್ನೂ ಕ್ರೀಡಾ ನಿರ್ವಹಣೆಯನ್ನೂ ಒಂದುಗೂಡಿಸಿದ ಮಾದರಿ ಕೇಂದ್ರ ಎಂದು ಗೇಟಿನ ಮೇಲೆ ಬರೆಸಿದ್ದೀರಿ. ಎಲ್ಲಿ ಒಂದುಗೂಡಿತು ಸ್ವಾಮಿ? ಓಟದ ಅಭ್ಯಾಸಕ್ಕೆ ಮೊದಲು ನಮ್ಮವರ ಯೋಗ ತರಗತಿ. ಯಾರ ಉಸಿರು ಹಿಡಿತಕ್ಕೆ ಬರುವುದಿಲ್ಲವೋ, ಯಾರ ಮಂಡಿ ಅದುರುತ್ತದೋ, ಅವರ ಚಾಪೆಯನ್ನು ಇವರು ಮಡಚಿ ಗೋಡೆಗೊರಗಿಸುತ್ತಿದ್ದರು. ಈ ದೇಹಕ್ಕೆ ಇವತ್ತು ಓಟ ಬೇಡ ಎಂದು ಅದರ ಅರ್ಥ. ನಿಮ್ಮ ಕಚೇರಿಗೋ, ಮಡಚಿದ ಚಾಪೆ ಎಂದರೆ ಗೈರುಹಾಜರಿ. ಗೈರಾದವರು ತಂಡದಿಂದ ಹೊರಗೆ. ಎಂಥ ಅಚ್ಚುಕಟ್ಟಾದ ನಿರ್ವಹಣೆ! ಇವರು ಬೆನ್ನು ತಿರುಗಿಸಿದೊಡನೆ ಮಕ್ಕಳು ಗೈರು ಬೀಳದಿರಲೆಂದು ಚಾಪೆ ಬಿಚ್ಚಿಕೊಂಡು ಮಲಗಿ, ಆಮೇಲೆ ಓಟಕ್ಕೂ ಇಳಿಯುತ್ತಿದ್ದರು. ಇವರು ಅದನ್ನು ಹೇಳಲು ಬಂದರೆ ನೀವೆಂದದ್ದು: "ಮೇಷ್ಟ್ರೇ, ನೀವು ಉಸಿರು ನೋಡ್ಕೊಳ್ಳಿ, ತಂಡ ನಾವು ನೋಡ್ಕೋತೀವಿ." ಚೆನ್ನಾಗಿಯೇ ನೋಡಿಕೊಂಡಿರಿ.

ಇವತ್ತು ಬೆಳಿಗ್ಗೆ ನಿಮ್ಮ ಓಟಗಾರ್ತಿಯೊಬ್ಬಳು ಊರುಗೋಲು ಊರಿಕೊಂಡು ನನ್ನನ್ನು ಮಾತಾಡಿಸಲು ಬಂದಳು.

"ಈ ಕಾಲಲ್ಲಿ ಮೂರು ಮಹಡಿ ಹತ್ತಿದ್ಯಾ? ನಿನಗೇನು ಹುಚ್ಚೇನೇ?" ಎಂದೆ.

"ಲಿಫ್ಟ್ ಕೆಟ್ಟಿದೆ ಆಂಟಿ. ಮೇಷ್ಟ್ರು ಇದ್ದಿದ್ರೆ ಮೆಟ್ಟಿಲನ್ನೇ ಮಡಚಿ ಇಟ್ಟುಬಿಡ್ತಿದ್ರು," ಎಂದು ನಕ್ಕಳು. ಆಮೇಲೆ ಸ್ವರ ಇಳಿಯಿತು. "ಓಡುವಾಗ ಬಿದ್ನಲ್ಲ, ಆ ದಿನಾನೂ ನನ್ನ ಚಾಪೆ ಮಡಚಿದ್ರು. ನಾನೇ ಬಿಚ್ಕೊಂಡು ಓಟಕ್ಕೆ ಹೋದೆ. ತಪ್ಪು ನಂದೇ ಅಲ್ವಾ?"

ಅಲ್ಲ ಎನ್ನಲು ಬಾಯಿ ತೆರೆದೆ. ಮೇಜಿನ ಮೇಲೆ ನಿಮ್ಮವರು ಬಿಟ್ಟುಹೋದ, ಹೆಸರಿಡುವ ಸಮಾರಂಭದ ಆಮಂತ್ರಣದ ಕರಡು ಬಿದ್ದಿತ್ತು. ಅವಳ ಕಣ್ಣಿಗೆ ಬೀಳದಿರಲೆಂದು ಅದರ ಮೇಲೆ ತಟ್ಟೆ ಇಟ್ಟೆ. ಅವಳ ಕಾಲು ಮುರಿಯಲು ಕಾರಣರಾದವರ ಕೈಯಿಂದಲೇ ಸನ್ಮಾನ ತೆಗೆದುಕೊಳ್ಳಲು ಒಪ್ಪಿದ್ದೆನಲ್ಲ! ಇವರು ಇದ್ದಿದ್ದರೆ ನನ್ನ ಮುಖ ನೋಡುತ್ತಿದ್ದರೇ?

ತಂಡ ಆರಿಸುವ ಮೇಜಿನ ಸುತ್ತ ಯೋಗ ಕಲಿಸುವವರಿಗೂ ಒಂದು ಕುರ್ಚಿ ಹಾಕಿ. ಮಡಚಿದ ಚಾಪೆಯನ್ನು ವಿಶ್ರಾಂತಿ ಎಂದು ಬರೆದುಕೊಳ್ಳಿ. ಆ ಮಗುವಿನ ಜಾಗ ತಂಡದಲ್ಲಿ ಹಾಗೇ ಇರಲಿ. ಅಲ್ಲಿಯವರೆಗೆ ನನ್ನ ಗಂಡನ ಹೆಸರು ಮುಟ್ಟಬೇಡಿ. ಮುಟ್ಟಿದರೆ ನಾನೇ ಬಂದು ಅಲ್ಲಿನ ಚಾಪೆಗಳನ್ನೆಲ್ಲ ಮಡಚಿ ಗೋಡೆಗೊರಗಿಸುತ್ತೇನೆ. ಎಲ್ಲರಿಗೂ ಗೈರುಹಾಜರಿ ಹಾಕಿಕೊಳ್ಳಿ.

ಇಂತಿ,
ಕೇಳಿದ ಕೂಡಲೇ ಹೂಂ ಎಂದುಬಿಟ್ಟ,
ನಿಮ್ಮ ಯೋಗ ಮೇಷ್ಟ್ರ ಹೆಂಡತಿ