ಗಾಡಿಯ ಬೆನ್ನಿಗೆ ಎರಡು ತಟ್ಟು

ಅರಿಜೋನಾ ಮರುಭೂಮಿ
ಫೆಬ್ರವರಿ 9, ಭಾನುವಾರ

ಪ್ರೀತಿಯ ಡೆಲೋರಿಸ್ ಅಕ್ಕನಿಗೆ,

ನಿನ್ನ ತಂಗಿ ಆರ್ಲಿಸ್ ಬದುಕಿದ್ದಾಳೆ, ಚೆನ್ನಾಗಿದ್ದಾಳೆ. ಮೂಗಿನ ಸಿಪ್ಪೆ ಬಿಸಿಲಿಗೆ ಸುಲಿದು ಬೇಯಿಸಿದ ಆಲೂಗಡ್ಡೆಯ ಹಾಗಾಗಿದ್ದಾಳೆ. ಮಿನೆಸೋಟದಲ್ಲಿ ನೀನು ಬಾಗಿಲ ಮುಂದಿನ ಹಿಮ ಗೋರುತ್ತಿರುವಾಗ ಇದನ್ನು ಹೇಳಬಾರದು, ಆದರೂ ಹೇಳುತ್ತೇನೆ: ನಾನೀಗ ಹೊರಗೆ ಕುರ್ಚಿ ಹಾಕಿಕೊಂಡು ಬರಿಗಾಲಲ್ಲಿ ಕೂತಿದ್ದೇನೆ.

ಒಂದು ಕಾಗದವಿಲ್ಲ, ಫೋನಿಲ್ಲ ಅಂತ ಬೈದುಕೊಂಡಿರುತ್ತೀ. ಬೈ, ತಪ್ಪು ನನ್ನದೇ. ಕ್ರಿಸ್‌ಮಸ್ ಆದ ಮೇಲೆ ನೀನು ಫೋನಿನಲ್ಲಿ ಕೇಳಿದೆಯಲ್ಲ, "ವೆಂಡೆಲ್‌ಗೆ ಮರೆವು ಜಾಸ್ತಿ ಆಗ್ತಿದೆಯೇನೇ? ಒಂದ್ಸಲ ಡಾಕ್ಟರಿಗೆ ತೋರಿಸ್ಬಾರ್ದಾ?" ಅಂತ. ಆ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಉತ್ತರ ಕೊಡದೆ ಫೋನಿಟ್ಟುಬಿಟ್ಟೆ. ನಿನ್ನ ಮನೆಯ ಊಟದ ಮೇಜಿನಲ್ಲಿ ನನ್ನ ಗಂಡ ಅದೇ ಮೀನಿನ ಕಥೆಯನ್ನು ಎರಡು ಸಲ ಹೇಳಿದ್ದು ನಿಜ. ಆದರೆ ಗಾಳ ಹಾಕುವ ಗಂಡಸು ಯಾವನು ತಾನೇ ಒಂದು ಸಲ ಹೇಳಿ ಸುಮ್ಮನಾದಾನು?

ನಿನಗೆ ಗೊತ್ತಿಲ್ಲದ್ದೇನಲ್ಲ. ಇದ್ದ ಮನೆ ಮಾರಿ ಈ ಮನೆಗಾಡಿ ಹತ್ತಿದವರು ನಾವು. ಹಾಸಿಗೆ, ಒಲೆ, ಬಚ್ಚಲು ಎಲ್ಲ ಚಕ್ರದ ಮೇಲೆ. ಡಾಕ್ಟರು ಅವನಿಗೆ ಗಾಡಿ ಓಡಿಸಬೇಡ ಅಂದುಬಿಟ್ಟರೆ ನಮ್ಮ ಮನೆಗೇ ಬೀಗ ಬಿದ್ದ ಹಾಗೆ. ಅದಕ್ಕೇ ಅಷ್ಟು ಸಿಟ್ಟು ಬಂದದ್ದು. ಈಗ ಆ ಸಿಟ್ಟು ಪೂರ್ತಿ ಇಳಿದಿದೆ. ಯಾಕೆ ಅಂತ ಹೇಳುತ್ತೇನೆ ಕೇಳು, ನೀನೂ ನಗುತ್ತೀ.

ಹೋದ ವಾರ ಹೆದ್ದಾರಿ ಬಿಟ್ಟು ಒಳಗೆ ಈ ಬಯಲಿನಲ್ಲಿ ಒಂದು ರಾತ್ರಿಗೆಂದು ನಿಲ್ಲಿಸಿದೆವು. ನಲ್ಲಿಯಿಲ್ಲ, ದೀಪವಿಲ್ಲ, ಕೇಳುವವರಿಲ್ಲ. ಅಲ್ಲೊಂದು ಇಲ್ಲೊಂದು ಗಾಡಿ ನಿಂತಿತ್ತು. ಮಾರನೆಯ ದಿನ ಮಧ್ಯಾಹ್ನದಿಂದ ಜೋರು ಗಾಳಿ ಅಂತ ರೇಡಿಯೋ ಹೇಳಿದ್ದರಿಂದ ಬೆಳಕು ಹರಿಯುತ್ತಲೇ ಹೊರಡುವುದು ಅಂತ ಮಾತಾಗಿತ್ತು. ಇಂಥ ಎತ್ತರದ ಗಾಡಿಯನ್ನು ಗಾಳಿಯಲ್ಲಿ ಓಡಿಸುವುದು ಯಾರಿಗೂ ಬೇಡ.

ಬೆಳಿಗ್ಗೆ ನಾನು ನಾಯಿಯನ್ನು ಕರೆದುಕೊಂಡು ಒಣಹಳ್ಳದ ಕಡೆ ಹೋಗಿದ್ದೆ. ನಮ್ಮ ಬಟನ್‌ಗೆ ಗೊತ್ತಲ್ಲ, ಎಷ್ಟು ಪೊದೆ ಮೂಸಿದರೂ ಜಾಗ ಸರಿಹೋಗುವುದಿಲ್ಲ. ಇಂಜಿನ್ ಸದ್ದು ಕೇಳಿಸಿತು. ಬಿಸಿ ಮಾಡುತ್ತಿದ್ದಾನೆ ಅಂದುಕೊಂಡೆ. ಹೊರಡುವ ಮುಂಚೆ ನಾನು ಗಾಡಿಯನ್ನು ಒಂದು ಸುತ್ತು ನೋಡಿ, ಅದರ ಬೆನ್ನಿಗೆ ಎರಡು ಸಲ ತಟ್ಟಬೇಕು. ತಟ್ಟಿ ಒಳಗೆ ಹತ್ತಿದ ಮೇಲೆ ಅವನು ಹೊರಡಬೇಕು. ಗಾಡಿ ಕೊಂಡ ದಿನದಿಂದ ಅದೇ ನಮ್ಮ ಪದ್ಧತಿ. ನೋಡುತ್ತೇನೆ, ತಟ್ಟದೆಯೇ ಗಾಡಿ ಹೊರಟುಬಿಟ್ಟಿದೆ! ಹಿಂದಿನ ಏಣಿಗೆ ಒಣಹಾಕಿದ್ದ ನನ್ನ ಟವೆಲು ಹಾರಾಡುತ್ತಾ ಹೋಗುತ್ತಿದೆ. ನಾನು ರಾತ್ರಿ ಅಂಗಿಯ ಮೇಲೆ ವೆಂಡೆಲ್‌ನ ಬೇಟೆ ಕೋಟು ಹಾಕಿಕೊಂಡು, ಹವಾಯಿ ಚಪ್ಪಲಿಯಲ್ಲಿ ಓಡಿದೆ, ಕೂಗಿದೆ. ಬಟನ್ ಇದೇನೋ ಆಟ ಅಂದುಕೊಂಡು ನನಗಿಂತ ಮುಂದೆ ಓಡಿತು. ಧೂಳು ಇಳಿದಾಗ ಉಳಿದದ್ದು ಎರಡು ಮಡಚು ಕುರ್ಚಿ ಮತ್ತು ಕಾಲೊರಸು. ನನ್ನ ಫೋನು ಗಾಡಿಯೊಳಗೇ ಇತ್ತು.

ಪಕ್ಕದ ವ್ಯಾನಿನಿಂದ ಒಬ್ಬಳು ಅರ್ಧ ಜಡೆ ಹೆಣೆದುಕೊಂಡು ಇಳಿದು ಬಂದಳು. ರಮೋನಾ ಅಂತ, ಟೆಕ್ಸಾಸಿನವಳು, ಶಾಲಾ ಬಸ್ಸು ಓಡಿಸಿಯೇ ಮುದುಕಿಯಾದವಳು. ಇಲ್ಲಿ ಬೆಳಿಗ್ಗೆ ಗಾಡಿಯ ಕಿಟಕಿ ಪರದೆ ಸರಿಯುವ ಮುಂಚೆ ಯಾರೂ ಯಾರ ಹತ್ತಿರವೂ ಹೋಗುವುದಿಲ್ಲ, ಆದರೆ ಅವತ್ತು ನನ್ನ ಹತ್ತಿರ ಸರಿಸಲು ಪರದೆಯೇ ಇರಲಿಲ್ಲ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೋದ್ರೆ ಹೋಗ್ಲಿ ಬಿಡಮ್ಮ. ಒಳ್ಳೇ ಕುರ್ಚಿ ಬಿಟ್ಟು ಹೋಗಿದಾನೆ. ನಿಂಗಲ್ದಿದ್ರೂ ಕುರ್ಚಿಗಾದ್ರೂ ವಾಪಸ್ ಬರ್ತಾನೆ" ಅಂದಳು. ನನಗೆ ಅಳುವೂ ಬಂತು, ನಗುವೂ ಬಂತು. ಅವಳ ಫೋನಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ. ನಿನ್ನ ವ್ಯಾನಿನಲ್ಲಿ ಬೆನ್ನಟ್ಟೋಣ ಅಂದೆ. ಕಳೆದುಹೋದವರು ಇದ್ದಲ್ಲೇ ಇರಬೇಕು, ಮಕ್ಕಳಿಗೂ ಅದನ್ನೇ ಹೇಳಿಕೊಡುತ್ತಿದ್ದೆ ಅಂತ ಅವಳು ಗದರಿ ಕೂರಿಸಿದಳು.

ಸುದ್ದಿ ಹಬ್ಬಿತು. ಒಬ್ಬೊಬ್ಬರೇ ತಮ್ಮ ಕಾಫಿ ಲೋಟ ಹಿಡಿದು ಬಂದರು. ಒಬ್ಬ, ಕೂದಲು ಗುಂಗುರಾಗಲೆಂದು ತಲೆಗೆ ಸುರುಳಿ ಸುತ್ತಿಕೊಂಡಿದ್ದ ಹೆಂಡತಿಯನ್ನು ಪೆಟ್ರೋಲ್ ಬಂಕಿನಲ್ಲೇ ಬಿಟ್ಟು ಮುಂದಿನ ಊರಿಗೆ ಹೋಗಿದ್ದನಂತೆ. ಇನ್ನೊಬ್ಬಾಕೆ ಬಿಟ್ಟುಹೋದದ್ದು ಅತ್ತೆಯನ್ನು. ಅದು ಮರೆವೋ ಬೇಕಂತಲೋ ಅಂತ ಗಂಡ ಇವತ್ತಿಗೂ ಕೇಳುತ್ತಾನಂತೆ. ಹಿಂದೆ ಹಾಸಿಗೆಯಲ್ಲಿ ಮಲಗಿರಬೇಕು ಅಂದುಕೊಂಡು ಹೊರಟುಬಿಡುವುದು ಈ ಗಾಡಿಯವರಲ್ಲಿ ಮಾಮೂಲಿ. ಎಲ್ಲರ ಮನೆ ದೋಸೆಯೂ ತೂತೇ ಅಕ್ಕ. ಕೇಳುತ್ತಾ ಕೇಳುತ್ತಾ, ಕ್ರಿಸ್‌ಮಸ್‌ನಿಂದ ನನ್ನ ಎದೆ ಮೇಲೆ ಕೂತಿದ್ದ ಕಲ್ಲು ಇಳಿದ ಹಾಗಾಯಿತು.

ಬಿಸಿಲು ಚುರುಗುಡುವ ಹೊತ್ತಿಗೆ ದೂರದಲ್ಲಿ ಧೂಳೆದ್ದಿತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವೆಂಡೆಲ್ ಇಳಿದ. ಮುಖ ಬಿಳಿಚಿಕೊಂಡಿತ್ತು. ನಾನು ಓಡಿಹೋಗಿ ಅಪ್ಪಿಕೊಂಡೆ. "ನೀನು ಒಳಗೆ ಮಲಗಿದ್ದೀ ಅಂದ್ಕೊಂಡ್ಬಿಟ್ಟೆ ಆರ್ಲಿಸ್" ಅಂದ. ಎಲ್ಲರೂ ಗೊಳ್ಳೆಂದು ನಕ್ಕರು. ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡುತ್ತಲೇ ಹೋಗಿದ್ದನಂತೆ. ಬಂಕಿನಲ್ಲಿ ಕಾಫಿ ಬೇಕಾ ಅಂತ ಕೇಳಲು ಹಿಂದೆ ಹೋದರೆ ಹಾಸಿಗೆ ಖಾಲಿ. ರಮೋನಾ ಅವನ ಕೈಗೆ ಬಿಸಿ ರೊಟ್ಟಿಯಲ್ಲಿ ಮೊಟ್ಟೆ ಸುತ್ತಿ ಕೊಟ್ಟು, ಮೊದಲು ತಿನ್ನು, ಬೈಗುಳ ಆಮೇಲೆ ಅಂದಳು.

ಗಾಳಿ ಎದ್ದಿತು, ಅವತ್ತು ಹೊರಡಲಿಲ್ಲ. ಮರುದಿನವೂ ಹೊರಡಲಿಲ್ಲ. ಈಗ ಸಂಜೆ ಬೆಂಕಿ ಹಾಕಿದಾಗಲೆಲ್ಲ ವೆಂಡೆಲ್ ಈ ಕಥೆಯನ್ನು ತಾನೇ ಹೇಳುತ್ತಾನೆ, ಚೆನ್ನಾಗಿ ಹೇಳುತ್ತಾನೆ, ಎಲ್ಲರನ್ನೂ ನಗಿಸುತ್ತಾನೆ.

ಇನ್ನೊಂದು ಸುದ್ದಿ. ಗಾಡಿ ಓಡಿಸುವುದು ಈಗ ನಾನು! ಅವನ ಮೊಣಕಾಲು ನೋಯುತ್ತದೆ ಅಂತ ರಮೋನಾ ನನಗೆ ಕಲಿಸಿದಳು. "ಮಕ್ಕಳು ತುಂಬಿದ ಬಸ್ಸು ಅಂದ್ಕೋ, ಎಲ್ರೂ ಕೂತಿದಾರಾ ನೋಡು, ಆಮೇಲೆ ಕಾಲಿಡು" ಅನ್ನುವುದು ಅವಳ ಪಾಠ. ಬಯಲಿನಲ್ಲಿ ಗುದ್ದಲು ಏನೂ ಇಲ್ಲದ್ದರಿಂದ ಬೇಗ ಕಲಿತೆ. ಈ ವಯಸ್ಸಿನಲ್ಲಿ ಇಷ್ಟು ದೊಡ್ಡ ಸ್ಟೀರಿಂಗ್ ಹಿಡಿದು ಕೂತರೆ ಮನಸ್ಸು ಎಷ್ಟು ಹಗುರಾಗುತ್ತದೆ ಗೊತ್ತಾ? ವೆಂಡೆಲ್ ಪಕ್ಕದಲ್ಲಿ ಬಟನ್‌ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆಟ್ಟ ನೋಡುತ್ತಾನೆ. ಇಷ್ಟು ವರ್ಷ ಓಡಿಸಿ ಓಡಿಸಿ ಒಂದೂ ಬೆಟ್ಟ ನೋಡಿರಲಿಲ್ಲ ಅನ್ನುತ್ತಾನೆ. ಗಾಡಿಯ ಬೆನ್ನಿಗೆ ತಟ್ಟುವ ಕೆಲಸ ಈಗ ಅವನದು.

ಆದ್ದರಿಂದ ಅಕ್ಕ, ನೀನು ಚಿಂತೆ ಮಾಡಬೇಡ. ನಿನ್ನ ಮೊಮ್ಮಗಳಿಗೆ ನಮ್ಮಿಬ್ಬರ ಆಶೀರ್ವಾದ, ಅವಳ ಹೊಸ ಹಲ್ಲಿಗೆ ಪ್ರತ್ಯೇಕ ಆಶೀರ್ವಾದ. ದೇವರು ಹಿಮವನ್ನು ಬೇಗ ಕರಗಿಸಿ ನಿನ್ನ ಸೊಂಟವನ್ನು ಕಾಪಾಡಲಿ.

ನಿನ್ನ ಮೇಲೆ ಸಿಟ್ಟು ಉಳಿಸಿಕೊಳ್ಳಲಾರದ ತಂಗಿ,
ಆರ್ಲಿಸ್

ಮರೆತ ಮಾತು: ಅಂಟಿಸಿದ್ದ ಲಕೋಟೆಯನ್ನು ಸೋಮವಾರ ಬೆಳಿಗ್ಗೆ ಅಂಚೆ ಕಚೇರಿಯ ಮುಂದೆ ಗಾಡಿಯಲ್ಲೇ ಕೂತು ಮತ್ತೆ ಬಿಚ್ಚಿದ್ದೇನೆ. ಮರೆತ ಮಾತು ಅಂತ ಬರೆದೆ, ಮರೆತದ್ದಲ್ಲ.

ಆ ಬೆಳಿಗ್ಗೆ ನಾನು ಇಳಿಯುವಾಗ ಮೆಟ್ಟಿಲ ಮೇಲೆ ಕೈ ಹಿಡಿದವನು ವೆಂಡೆಲ್ಲೇ. ಚಳಿಯಿದೆ ಅಂತ ಆ ಕೋಟನ್ನು ನನಗೆ ತೊಡಿಸಿ ಗುಂಡಿ ಹಾಕಿದವನೂ ಅವನೇ. ಹಾವು ಇರುತ್ತೆ, ನೋಡ್ಕೊಂಡು ಹೋಗು ಅಂದಿದ್ದ. ಆಮೇಲೆ ಒಳಗೆ ಹೋಗಿ ಗಾಡಿ ಹೊರಡಿಸಿದ.

ವಾಪಸ್ ಬಂದು ಇಳಿದಾಗ ಅವನು ನನ್ನನ್ನು ನೋಡಿ ಮೊದಲು ಕೇಳಿದ್ದು, "ನೀನು ಇಲ್ಲಿಗೆ ಹೇಗೆ ಬಂದೆ?" ಅಂತ. ಅಷ್ಟು ಜನ ನೋಡುತ್ತಿದ್ದರು. ಅಪ್ಪಿಕೊಂಡಾಗ ಅವನ ಕಿವಿಯಲ್ಲಿ, "ನಾನು ಒಳಗೆ ಮಲಗಿದ್ದೀನಿ ಅಂದ್ಕೊಂಡೆ ಅಲ್ವಾ?" ಅಂದೆ. ಅವನು ಅದನ್ನೇ ಗಟ್ಟಿಯಾಗಿ ಹೇಳಿದ. ಈಗ ನಿಜವಾಗಿ ಹಾಗೇ ಆಯಿತು ಅಂತ ನಂಬಿಕೊಂಡಿದ್ದಾನೆ. ಮೊಣಕಾಲು ನೋವು ಅಂದದ್ದೂ ನಾನೇ. ಅದನ್ನೂ ನಂಬಿ ಕುಂಟುತ್ತಿದ್ದಾನೆ.

ನೀನು ಕೇಳಿದ್ದು ಸರಿ ಅಕ್ಕ. ಡಾಕ್ಟರಿಗೆ ತೋರಿಸಲು ದಿನ ಗೊತ್ತು ಮಾಡು. ನಿನ್ನ ಹಿತ್ತಲಲ್ಲಿ ಹಿಮ ತೆಗೆದು ಗಾಡಿ ನಿಲ್ಲುವಷ್ಟು ಜಾಗ ಮಾಡಿಸು. ನಾನೇ ಓಡಿಸಿಕೊಂಡು ಬರುತ್ತೇನೆ.

ಈಗ ಹೊರಡಬೇಕು. ವೆಂಡೆಲ್ ಹಿಂದೆ ನಿಂತು ಗಾಡಿಯ ಬೆನ್ನಿಗೆ ತಟ್ಟುತ್ತಿದ್ದಾನೆ. ಎರಡು ತಟ್ಟು. ಸ್ವಲ್ಪ ಬಿಟ್ಟು ಮತ್ತೆ ಎರಡು. ಇದೀಗ ಮತ್ತೆ ಎರಡು. ಇಳಿದು ಹೋಗಿ ಕರೆದುಕೊಂಡು ಬರುತ್ತೇನೆ.